ವೇಗ, ಕಾಲ ಮತ್ತು ಒಂದು ಮೈನಸ್ ಗುರುತು

ನನಗೆ ಮುಂಗೋಪ ಜಾಸ್ತಿ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ಮೇಲೂ ಅದು ಇಳಿದಿಲ್ಲ. ಆದರೆ ಆ ಸಲ ಕೋಪ ಬಂದಿದ್ದು ನ್ಯಾಯವಾಗಿಯೇ ಇತ್ತು.

ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬರೋ ಮಕ್ಕಳಿಗಾಗಿ ನಾನೊಂದು ಪುಸ್ತಕ ಬರೆದಿದ್ದೆ. ಸರಸ್ವತಿಪುರಂನ ಪ್ರೆಸ್‌ನಲ್ಲಿ ಅಚ್ಚಿಗೆ ಕೂತಿತ್ತು. ಗ್ರಾಫುಗಳನ್ನು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆದು ನಾನೇ ಬಿಡಿಸಿದೆ. ಗೆರೆಗಳೇನೋ ಚೆನ್ನಾಗಿ ಬಂದವು. 'ವೇಗ' ಅಂತ ಬರೆದ ಕಡೆ ಮಾತ್ರ ಸಾಲಾಗಿ ಖಾಲಿ ಚೌಕಗಳು! ಪ್ರೋಗ್ರಾಮಿನ ಫಾಂಟಿನಲ್ಲಿ, ಅಂದರೆ ಅಕ್ಷರದ ಅಚ್ಚಿನಲ್ಲಿ, ಕನ್ನಡವೇ ಇರಲಿಲ್ಲ. ಪ್ರೆಸ್ ಯಜಮಾನರು ನೋಡಿ, "ಇಂಗ್ಲಿಷಲ್ಲೇ ಹಾಕ್ಬುಡಿ ಮೇಡಂ, ಮಕ್ಳು ಅಡ್ಜಸ್ಟ್ ಮಾಡ್ಕೋತಾರೆ. ಸೋಮವಾರ ಮಿಷನ್ನಿಗೆ ಹೋಗ್ಬೇಕು," ಅಂದರು.

ಅಡ್ಜಸ್ಟಂತೆ! ಇಲವಾಲದ ಕನ್ನಡ ಶಾಲೆಯಿಂದ ನಾನು ಮೈಸೂರಿನ ಕಾಲೇಜಿಗೆ ಬಂದ ಮೊದಲ ವಾರ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗ್ರಾಫ್ ಬರೆದು, 'ವೆಲಾಸಿಟಿ', 'ಟೈಮ್' ಅಂತ ಇಂಗ್ಲಿಷಿನಲ್ಲಿ ಗೀಚಿ, ಈ ಗೆರೆ ಏನು ಹೇಳುತ್ತೆ ಅಂತ ನನ್ನನ್ನೇ ಎಬ್ಬಿಸಿದ್ದರು. ವೇಗ ಅಂದರೇನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ವೆಲಾಸಿಟಿ ಅಂದರೆ ಅದೇ ಅಂತ ಗೊತ್ತಿರಲಿಲ್ಲ. ಬೋರ್ಡನ್ನೇ ನೋಡ್ತಾ ನಿಂತೆ. "ಕೂತ್ಕೊ," ಅಂದರು. ಕೂತೆ. ಆ ಅವಮಾನ ಇವತ್ತಿಗೂ ಉರಿಯುತ್ತೆ.

"ಗ್ರಾಫು ಕನ್ನಡದಲ್ಲೇ ಬರುತ್ತೆ. ಸೋಮವಾರ ಬೆಳಿಗ್ಗೆ ತಂದು ಕೊಡ್ತೀನಿ," ಅಂತ ಯಜಮಾನರಿಗೆ ಹೇಳಿ ಎದ್ದೆ. ಹೇಗೆ ಅಂತ ಮಾತ್ರ ಗೊತ್ತಿರಲಿಲ್ಲ.

ಪ್ರೆಸ್‌ನಲ್ಲಿ ಟೈಪ್ ಮಾಡೋ ಹೆಂಗಸೊಬ್ಬರಿದ್ದಾರೆ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದವರು. ಇಪ್ಪತ್ತು ವರ್ಷದಿಂದ ಕಂಡೋರ ಪುಸ್ತಕ ಟೈಪ್ ಮಾಡಿ ಮಾಡಿ ಬೆರಳು ಸವೆಸಿದವರು. "ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕೊತೀರಾ ಮೇಡಂ, ನಮ್ಮ ಹಳೇ ಫಾಂಟ್ ಹಾಕ್ಬುಡಿ," ಅಂತ ಪೆನ್‌ಡ್ರೈವಲ್ಲಿ ಕೊಟ್ಟರು. ಸಿದ್ಧಾರ್ಥನಗರದ ಮನೆಗೆ ಬಂದು ಹಾಕಿದೆ. ವೇಗ ಬಂತು, ಕಾಲ ಬಂತು. ಕುಣಿಯೋದೊಂದು ಬಾಕಿ. ಪಕ್ಕದಲ್ಲಿ ನೋಡ್ತೀನಿ, ವೇಗದ ಚಿಹ್ನೆ v ಇರಬೇಕಾದ ಕಡೆ ಯಾವುದೋ ಕನ್ನಡ ಅಕ್ಷರದ ಬಾಲ! ಆ ಹಳೇ ಫಾಂಟುಗಳ ಗುಟ್ಟೇ ಅದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಕನ್ನಡ ಇದ್ದರೆ ಗಣಿತ ಇಲ್ಲ, ಗಣಿತ ಇದ್ದರೆ ಕನ್ನಡ ಇಲ್ಲ.

ಶನಿವಾರವೆಲ್ಲ ಅದರ ಜೊತೆ ಗುದ್ದಾಡಿದೆ. ಕೊನೆಗೆ ದಾರಿ ಸಿಕ್ಕಿತು. ಮಾತಿಗೆ ಹೊಸ ಕಾಲದ ಕನ್ನಡ ಫಾಂಟು, ಗಣಿತದ ಚಿಹ್ನೆಗೆ ಬೇರೆ ಫಾಂಟು, ಹೀಗೆ ಎರಡನ್ನೂ ಪ್ರೋಗ್ರಾಮಿನ ಬೇರೆಬೇರೆ ಸಾಲಿನಲ್ಲಿ ಹೇಳಬೇಕು. ವೇಗದ ಪಕ್ಕದಲ್ಲಿ v, ಕಾಲದ ಪಕ್ಕದಲ್ಲಿ t, ಎರಡೂ ನೆಟ್ಟಗೆ ಕೂತವು. ಅಬ್ಬಾ, ಎಂಥ ಖುಷಿ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸೋಮವಾರ ಬೆಳಿಗ್ಗೆ ಪ್ರಿಂಟು ಹಿಡಿದು ಪ್ರೆಸ್‌ಗೆ ಹೋದೆ. ಯಜಮಾನರು ಇನ್ನೂ ಬಂದಿರಲಿಲ್ಲ. ಟೈಪ್ ಮಾಡುವಾಕೆ ಹಾಳೆ ಇಸ್ಕೊಂಡು, ಗೆರೆ ಮೇಲೆ ಬೆರಳಿಟ್ಟು, ಮೆಲ್ಲಗೆ ಓದಿದರು. "ಮೇಲಕ್ಕೆ ಎಸೆದ ಕಲ್ಲು. ಕಾಲ ಹೋಗ್ತಾ ಹೋಗ್ತಾ ವೇಗ ಕಮ್ಮಿ ಆಗ್ತಾ ಬಂತು. ಎರಡು ಸೆಕೆಂಡಿಗೆ ಸೊನ್ನೆ." ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದರು: "ಅಲ್ಲ ಮೇಡಂ, ಕಲ್ಲು ಅಲ್ಲೇ ನಿಂತೋಯ್ತಾ? ಕೆಳಗೆ ಬರಲ್ವಾ?"

ನನ್ನ ಮುಖ ಕೆಂಪಾಯಿತು. ಗೆರೆ ಸೊನ್ನೆಯ ಕೆಳಕ್ಕೂ ಇಳಿಯಬೇಕಿತ್ತು. ಆದರೆ ಕೆಳಗಿನ ಅಂಕಿಗಳ ಎಡಕ್ಕೆ ಮೈನಸ್ ಗುರುತಿನ ಬದಲು ಮತ್ತೆ ಅದೇ ಹಾಳು ಚೌಕ ಬರ್ತಿತ್ತು. ಯಾರು ನೋಡ್ತಾರೆ ಅಂತ ಗ್ರಾಫನ್ನು ಸೊನ್ನೆಗೇ ಕತ್ತರಿಸಿಬಿಟ್ಟಿದ್ದೆ. ನಾನೂ ಅಡ್ಜಸ್ಟ್ ಮಾಡಿಕೊಂಡಿದ್ದೆ.

"ತಪ್ಪು ನಂದೇ ಕಣ್ರೀ," ಅಂತ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತೆ. ಆಕೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅಂಕಿಗಳು ಮಾತಿನ ಫಾಂಟಿನಲ್ಲೇ ಬರುತ್ತಿದ್ದವು, ಗಣಿತದ ಉದ್ದನೆ ಮೈನಸ್ ಆ ಕನ್ನಡ ಫಾಂಟಿನಲ್ಲಿ ಇಲ್ಲವೇ ಇಲ್ಲ ಅಂತ ಹುಡುಕಿದ ಮೇಲೆ ತಿಳಿಯಿತು. ಕೀಬೋರ್ಡಿನ ಮಾಮೂಲಿ ಅಡ್ಡಗೆರೆಯನ್ನೇ ಬಳಸು ಅಂತ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಚೌಕ ಹೋಯಿತು. ಗೆರೆ ಸೊನ್ನೆ ದಾಟಿ ಕೆಳಗಿಳಿಯಿತು.

"ಮೈನಸ್ ಅಂದ್ರೆ ಕೆಳಮುಖ ಅಲ್ವಾ? ಈಗ ಬಂತು ನೋಡಿ ನೆಲಕ್ಕೆ," ಅಂದರು ಆಕೆ. ಮಾರ್ಕ್ಸ್ ಕಾರ್ಡ್ ತೋರಿಸೋ ಮಗುವಿನ ಮುಖ ಇತ್ತು ಅವರದು.

ಅಷ್ಟರಲ್ಲಿ ಯಜಮಾನರು ಬಂದರು. ಹಾಳೆ ನೋಡಿ, "ಇಂಗ್ಲಿಷ್ ಹಾಕ್ಲೇ ಇಲ್ವಾ? ಯಾರಿಗೆ ಅರ್ಥ ಆಗುತ್ತೆ ಇದು?" ಅಂದರು. ನಾನು ಬಾಯಿ ತೆಗೆಯೋ ಮೊದಲೇ ಆಕೆ ಎದ್ದು, ತಮ್ಮ ಕುರ್ಚಿಯನ್ನು ಅವರ ಕಡೆ ತಳ್ಳಿದರು.

"ಕೂತ್ಕೊಳ್ಳಿ ಸಾರ್. ನಾನ್ ಹೇಳ್ಕೊಡ್ತೀನಿ."