‘ಬೇಡ’ ಎಂದು ಒತ್ತಿದವಳು

ನಾನು ಹೊನ್ನಾವರದಲ್ಲಿ ಕುಳಿತು ಅಡುಗೆಯ ಒಂದು ವೆಬ್‌ಸೈಟ್ ನಡೆಸುತ್ತೇನೆ. ಬಸಿರಿ, ಬಾಣಂತಿಯರ ಊಟದ ಬಗ್ಗೆ ಬರೆದ ಪುಟಗಳನ್ನೇ ಜನ ಹೆಚ್ಚು ಓದುತ್ತಾರೆ. ಅಲ್ಲಿ ಬರುವ ಜಾಹೀರಾತೇ ನನ್ನ ಆದಾಯ. ಯುರೋಪಿನ ಓದುಗರು ಏನು ಓದಿದರೆಂದು ಜಾಹೀರಾತಿನವರಿಗೆ ತಿಳಿಯುವ ಮೊದಲು ಅವರ ಒಪ್ಪಿಗೆ ಕೇಳಬೇಕು, ಅದು ಅಲ್ಲಿಯ ಕಾನೂನು ಎಂದು ಜಾಹೀರಾತು ಕಂಪನಿಯಿಂದ ಮೇಲ್ ಬಂದಾಗ ಪುಟದ ಮೇಲೊಂದು ಪೆಟ್ಟಿಗೆ ಹಾಕಿದೆ. ಅದರಲ್ಲಿ ಎರಡು ಗುಂಡಿ: ‘ಒಪ್ಪಿಗೆ’, ‘ಬೇಡ’. ಆದರೆ ಪೆಟ್ಟಿಗೆ ಕಾಣುವ ಮೊದಲೇ ಓದಿದ ಪುಟದ ಸುದ್ದಿ ಜಾಹೀರಾತಿನವರಿಗೆ ತಲುಪಿರುತ್ತಿತ್ತು; ಆಮೇಲೆ ಆ ಫೋನಿನಲ್ಲಿ ಏನು ತೆರೆದರೂ ಅದಕ್ಕೆ ತಕ್ಕ ಜಾಹೀರಾತೇ ಬರುತ್ತಿತ್ತು. ‘ಬೇಡ’ ಒತ್ತಿದರೆ ಪೆಟ್ಟಿಗೆ ಮುಚ್ಚುತ್ತಿತ್ತು, ಅಷ್ಟೇ. ಇದು ನನಗೆ ಗೊತ್ತಿತ್ತು. ಸರಿಪಡಿಸಿದರೆ ಆದಾಯ ಇಳಿಯುತ್ತದೆಂದು ಹಾಗೇ ಬಿಟ್ಟಿದ್ದೆ. ಅಷ್ಟು ದೂರದಲ್ಲಿ ಯಾರಿಗೆ ಏನಾಗುತ್ತದೆ ಎಂದುಕೊಂಡಿದ್ದೆ.

ಅಕ್ಕನ ಮಗಳು ಐರ್ಲೆಂಡಿನಲ್ಲಿ ನರ್ಸ್. ಈ ಬೇಸಿಗೆಯಲ್ಲಿ ಕುಮಟೆಯ ಗಂಡನ ಮನೆಗೆ ಬಂದಿದ್ದಳು. ನಾನು ನೋಡಲು ಹೋದಾಗ ಅವಳ ಅತ್ತೆ ಅವಳ ಫೋನಿನಲ್ಲಿ ಊರಿನ ಸುದ್ದಿ ಓದುತ್ತಿದ್ದರು.

“ಎಂತದೇ ಇದು? ನನ್ನ ಫೋನು ಮಂಡಿನೋವಿನ ಎಣ್ಣೆ ತೋರಿಸ್ತದೆ, ನಿಂದು ಬರೀ ತೊಟ್ಟಿಲು!”

“ಅದು ಹಾಗೇ ಬರ್ತದೆ ಅತ್ತೆ.”

“ಹಂಗಾದ್ರೆ ನಂಗ್ಯಾಕೆ ಬರೂದಿಲ್ಲ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀರು ಕುಡಿಯುವ ನೆವದಲ್ಲಿ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. “ಚಿಕ್ಕಿ, ಬಸಿರು ನಿಲ್ಲಲಿಲ್ಲ. ಹೋಯ್ತು. ಇಲ್ಲಿ ಯಾರಿಗೂ ಹೇಳಿಲ್ಲ.” ಲೋಟ ತೊಳೆದಿಡುತ್ತಾ ಅಂದಳು, “ನಿಮ್ಮ ಪುಟ ಮಾತ್ರ ನೋಡಿದ್ದೆ. ‘ಬೇಡ’ ಅಂತಲೇ ಒತ್ತಿದ್ದೆ.”

ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿಯನ್ನು ಹೊರಗೆ ಹೇಳದಿರುವುದು ನಮ್ಮಲ್ಲಿಯ ರೂಢಿ. ಆ ಪುಟದ ಮೊದಲ ಸಾಲಿನಲ್ಲಿ ಅದನ್ನು ಬರೆದವಳು ನಾನೇ. ಅಷ್ಟರಲ್ಲಿ ಹೊರಗಿನಿಂದ ಅತ್ತೆ ಕರೆದರು.

ಪಪ್ಪಾಯಿ ಹೆಚ್ಚಿಟ್ಟಿದ್ದರು. ನಮಗೆಲ್ಲ ಕೊಟ್ಟು, ಸೊಸೆಯ ಮುಂದಿದ್ದ ತಟ್ಟೆಯನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು. ಬಸಿರಿಯರಿಗೆ ಪಪ್ಪಾಯಿ ಕೊಡುವುದಿಲ್ಲ.

“ನಿಂಗೆ ಇದು ಬೇಡ ಮಗಾ. ನೀನು ಹೇಳದಿದ್ರೆ ಎಂತ ಆತು? ಫೋನೇ ಹೇಳ್ತಲ್ಲ!” ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವಳು ಆ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಕೈ ಚಾಚಿ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು.

ಅತ್ತೆಯ ನಗು ನಿಂತಿತು. “ಯಾವಾಗ?” ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಎದ್ದುಬಂದು ಅವಳ ಪಕ್ಕದಲ್ಲಿ ಕುಳಿತರು.

ಫೋನಿಗೆ ಹೇಳಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ನನ್ನ ಕೈಯಲ್ಲಿ ಪಪ್ಪಾಯಿಯ ಹೋಳು ಹಾಗೇ ಇತ್ತು.

ಹೊನ್ನಾವರಕ್ಕೆ ಮರಳಿದ ದಿನವೇ ಆ ಗುಂಡಿಯನ್ನು ಸರಿಪಡಿಸಿದೆ. ಈಗ ‘ಬೇಡ’ ಅಂದರೆ ಬೇಡ. ರಜೆ ಮುಗಿದು ಹೊರಡುವ ಮೊದಲು ಅವಳು ಫೋನ್ ಮಾಡಿದ್ದಳು. ಮಳೆ, ವಿಮಾನ, ಉಪ್ಪಿನಕಾಯಿ ಎಲ್ಲ ಮಾತಾಡಿದೆವು. ಆ ಗುಂಡಿಯ ವಿಷಯವೊಂದನ್ನು ನಾನು ಹೇಳಲಿಲ್ಲ.