ಗಾಜಿನ ಮೇಲೆ ಮೂರು ಗೆರೆ

ಲಿಂಗಸುಗೂರಿನ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ಮೇಲೆ, ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡೆ. ಸುಮ್ಮನೆ ಕೂತು ಉಣ್ಣುವುದು ನನ್ನ ಮೈಗೆ ಒಗ್ಗುವುದಿಲ್ಲ. ಈಗ ಹೇಳಹೊರಟಿರುವುದು 2023ರ ಮುಂಗಾರಿನ ಮಾತು. ಎಷ್ಟೋ ಇಂಜಿನ್ ಬಿಚ್ಚಿದ್ದೇನೆ, ನಡುದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಕೆಳಗೆ ಮಲಗಿ ಗೇರ್‌ಬಾಕ್ಸ್ ಇಳಿಸಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ನೆನಪಿಗೆ ಬರುವುದು ಒಂದು ವೈಪರ್. ಹಳೆಯ ಸಹೋದ್ಯೋಗಿಗಳಿಗೆ ಹೇಳಿದರೆ ನಗುತ್ತಾರೆ. ನಗಲಿ.

ಜೂನ್ ಕೊನೆಯ ವಾರ ಗಿರಿಜಾ ಟೀಚರ್ ತಮ್ಮ ಬಿಳಿ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಹದಿನೆಂಟು ವರ್ಷದ ಹಳೆಯ ಕಾರು. ಅವರು ಪಾಮನಕಲ್ಲೂರಿನಲ್ಲಿ ಮುಖ್ಯ ಶಿಕ್ಷಕಿ, ಮನೆ ಸಿಂಧನೂರಿನಲ್ಲಿ. ಕಾರು ಅವರ ಯಜಮಾನರಾದ ಶರಣಪ್ಪನವರದು. ಎರಡು ವರ್ಷದ ಹಿಂದೆ ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ, ನಲವತ್ತೆಂಟನೆಯ ವಯಸ್ಸಿನಲ್ಲಿ ಟೀಚರ್ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿತರು. ದಿನಾ ಮಸ್ಕಿಯವರೆಗೆ ಹೋಗಿ ಅಲ್ಲಿಂದ ಒಳದಾರಿ ಹಿಡಿಯುತ್ತಿದ್ದರು.

"ಮೇಸ್ತ್ರೀ, ಮಳಿ ಬಂತಂದ್ರ ಇದು ಅಳಾಕ ಹತ್ತತೈತ್ರಿ," ಎಂದರು.

"ಅಳೂದಲ್ರಿ ಮೇಡಂ, ರಬ್ಬರ್ ಸತ್ತೈತಿ. ಹೊಸಾದು ಹಾಕಿದ್ರ ಬಾಯಿ ಮುಚ್ಕೊಂತೈತಿ," ಎಂದೆ. ನನ್ನ ಮಾತಿನಲ್ಲಿ ಡಿಪೋದ ಗತ್ತು ಇನ್ನೂ ಹೋಗಿರಲಿಲ್ಲ.

ಆಮೇಲೆ ಅವರು ನಿಜವಾದ ವಿಷಯ ಹೇಳಿದರು. ಹಿಂದಿನ ವಾರ ಮಸ್ಕಿ ಹತ್ತಿರ ಜೋರು ಮಳೆಯಲ್ಲಿ ವೈಪರ್ ತಡವರಿಸಿ, ಗಾಜು ಮಸುಕಾಗಿ, ಸೈಕಲ್ ಮೇಲೆ ಬರುತ್ತಿದ್ದ ಮನುಷ್ಯ ಬಂಪರಿಗೆ ಒಂದು ಮಾರು ದೂರ ಬಂದಾಗಲೇ ಕಂಡನಂತೆ. ಕಾರು ಪಕ್ಕಕ್ಕೆ ಇಳಿದು ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವರ ಅಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, ಈ ಸಲ ಸರಿಯಾಗದಿದ್ದರೆ ಕಾರು ಮಾರುವುದು. ಟೀಚರ್ ಅದನ್ನು ಹೇಳುವಾಗ ಸ್ಟೇರಿಂಗ್ ಮೇಲಿಂದ ಕೈ ತೆಗೆಯಲಿಲ್ಲ.

ವೈಪರ್ ಎಂದರೆ ನೋಡಲು ಬಡಪಾಯಿ ವಸ್ತು. ಮೋಟಾರಿನಿಂದ ಲಿಂಕೇಜ್, ಅದರ ತುದಿಗೆ ಆರ್ಮ್ ಎಂಬ ಕಬ್ಬಿಣದ ಕೈ, ಆ ಕೈ ಹಿಡಿದಿರುವ ಬ್ಲೇಡಿನಲ್ಲಿ ರಬ್ಬರಿನ ತುಟಿ. ಎರಡೂ ಬ್ಲೇಡ್ ಬದಲಿಸಿ, ಎರಡು ತಂಬಿಗೆ ನೀರು ಸುರಿದು ಓಡಿಸಿದೆ. ಕಿರುಚಾಟ ಕಡಿಮೆಯಾಯಿತು, ಅಲ್ಪಸ್ವಲ್ಪ ತಡವರಿಕೆ ಉಳಿಯಿತು. ಹೊಸ ರಬ್ಬರು, ನಾಲ್ಕು ದಿನಕ್ಕೆ ಹೊಂದಿಕೊಳ್ಳುತ್ತದೆ ಎಂದು ಸಾಗಹಾಕಿದೆ. ಐದನೆಯ ದಿನಕ್ಕೆ ಟೀಚರ್ ವಾಪಸ್.

"ಮೇಸ್ತ್ರೀ, ಇನ್ನೂ ಬಾಯಿ ಮುಚ್ಚಿಲ್ರಿ," ಎಂದು ನನ್ನ ಮಾತನ್ನೇ ನನಗೆ ಮರಳಿಸಿದರು. ಕ್ಲಾಸಿನಲ್ಲಿ ತಪ್ಪು ಉತ್ತರ ಹೇಳಿದವನ ಹಾಗೆ ನಿಂತೆ.

ಈ ಸಲ ನಿಗಾ ಇಟ್ಟು ನೋಡಿದೆ. ವೈಪರ್ ಏರುವಾಗ ರಬ್ಬರಿನ ತುಟಿ ಒಂದು ಕಡೆ ಬಾಗಬೇಕು, ಇಳಿಯುವಾಗ ಮಗ್ಗುಲು ಬದಲಿಸಬೇಕು. ಆರ್ಮ್ ಸ್ವಲ್ಪ ತಿರುಚಿದ್ದರೂ ತುಟಿ ಮಗ್ಗುಲಾಗದೆ ಗಾಜಿನ ಮೇಲೆ ಕುಪ್ಪಳಿಸುತ್ತದೆ. ಡ್ರೈವರ್ ಕಡೆಯ ಆರ್ಮ್ ತಿರುಚಿತ್ತು. ಎರಡು ಸ್ಪ್ಯಾನರ್ ಹಿಡಿದು, ಬ್ಲೇಡ್ ಗಾಜಿಗೆ ನೆಟ್ಟಗೆ ನಿಲ್ಲುವವರೆಗೆ ಮೆಲ್ಲಗೆ ಹಿಂಡಿದೆ. ಒಣಗಿದ್ದ ಲಿಂಕೇಜಿಗೆ ಗ್ರೀಸ್ ಕೊಟ್ಟೆ. ಕಿರುಚಾಟ ಪೂರ್ತಿ ಹೋಯಿತು. ಆದರೆ ಬ್ಲೇಡ್ ಮಲಗಿದಲ್ಲಿಂದ ಮೇಲೇಳುವಾಗ ಮಾತ್ರ ಕಟ್, ಕಟ್, ಕಟ್ ಎಂದು ಮೂರು ಸಲ ಎಡವಿ, ಆಮೇಲೆ ತಣ್ಣಗೆ ಸಾಗುತ್ತಿತ್ತು. ಇಳಿಯುವಾಗಲೂ ಅದೇ ಜಾಗದಲ್ಲಿ ಅದೇ ಮೂರು. ಪ್ರತಿ ಎಡವಿಗೂ ಡ್ರೈವರ್ ಕಣ್ಣಿನ ನೇರಕ್ಕೇ ನೀರಿನ ಪಟ್ಟೆ ಉಳಿಯುತ್ತಿತ್ತು. ನನಗೆ ಅವಮಾನವಾಯಿತು, ಸಿಟ್ಟೂ ಬಂತು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಡಿಪೋದಲ್ಲಿ ಬಸ್ಸು ನಮ್ಮ ಕೈಗೆ ಬರುವ ಮೊದಲೇ ತೊಳೆಯುವವರು ಗಾಜನ್ನು ಉಜ್ಜಿ ಉಜ್ಜಿ ಲಕಲಕ ಮಾಡಿರುತ್ತಿದ್ದರು. ಹಾಗಾಗಿ ಮೂವತ್ತೊಂದು ವರ್ಷ ನಾನು ಕಬ್ಬಿಣವನ್ನು ಅನುಮಾನಿಸಿದೆ, ರಬ್ಬರನ್ನು ಅನುಮಾನಿಸಿದೆ, ಗಾಜನ್ನು ಅನುಮಾನಿಸುವ ಪ್ರಸಂಗವೇ ಬರಲಿಲ್ಲ. ಡಿಪೋದ ಮೆಕ್ಯಾನಿಕ್ ಕಣ್ಣು ಆರ್ಮಿನಿಂದ ಶುರುವಾಗುತ್ತದೆ, ಗಾಜಿನ ಆಚೆಗಿನ ರಸ್ತೆಯನ್ನು ನೋಡುತ್ತದೆ, ಗಾಜನ್ನು ಮಾತ್ರ ನೋಡುವುದಿಲ್ಲ.

"ತಂಬಿಗಿ ನೀರಾಗ ಏನ್ ತಿಳೀತೈತ್ರಿ? ನಾಳೆ ಮಳ್ಯಾಗ ನನ್ನ ಜೋಡಿ ಮಸ್ಕಿ ತನಕ ಬರ್ರಿ," ಎಂದರು ಟೀಚರ್. ಜೇಬಿನಲ್ಲಿ ಪಾಲಿಷಿಂಗ್ ಪೇಸ್ಟಿನ ಸಣ್ಣ ಡಬ್ಬಿ, ಹೆಗಲ ಮೇಲೆ ಒಂದು ಬಟ್ಟೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಹೊರಟೆ. ಅವು ಎಲ್ಲಿ ಹೋದರೂ ನನ್ನ ಜೊತೆಗಿರುತ್ತವೆ.

ಆ ಬೆಳಿಗ್ಗೆ ಇನ್ನೂ ನನ್ನೊಳಗೆ ಇದೆ. ಮಳೆ ಜೋರಿರಲಿಲ್ಲ, ಬಿಡುವೂ ಇರಲಿಲ್ಲ. ಊರು ದಾಟಿದ ಮೇಲೆ ಆಕಾಶ ಎಲ್ಲಿ ಮುಗಿದು ನೆಲ್ಲಿನ ಗದ್ದೆಯ ನೀರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಕಾಲುವೆಯ ದಂಡೆಯ ಮೇಲೆ ಒಬ್ಬ ಹೆಂಗಸು ಗೊಬ್ಬರದ ಚೀಲ ತಲೆಗೆ ಹೊದ್ದು ನಡೆಯುತ್ತಿದ್ದಳು. ನಾವು ಎಷ್ಟು ಮುಂದೆ ಹೋದರೂ ಅವಳು ಪಕ್ಕದಲ್ಲೇ ಇದ್ದಾಳೆ ಅನ್ನಿಸುತ್ತಿತ್ತು. ಕೊಕ್ಕರೆಗಳು ಏಳುತ್ತಿದ್ದವು, ಕೂರುತ್ತಿದ್ದವು. ಎದುರಿಗೆ ಬರುವ ಬಸ್ಸುಗಳು ಸದ್ದಿಲ್ಲದೆ ತೇಲಿ ಬಂದು ತೇಲಿ ಹೋಗುತ್ತಿದ್ದವು. ಕಟ್, ಕಟ್, ಕಟ್. ಆಮೇಲೆ ಮೌನ. ಮತ್ತೆ ಕಟ್, ಕಟ್, ಕಟ್. ಆ ಸದ್ದಿಗೆ ನನಗೆ ಜೋಂಪು ಹತ್ತಿದಂತಾಗಿತ್ತು. ರಿಪೇರಿಗೆ ಬಂದವನು ಎಂಬುದನ್ನೇ ಮರೆತಿದ್ದೆ.

ಮಸ್ಕಿ ಇನ್ನೂ ಐದು ಕಿಲೋಮೀಟರ್ ಇರುವಾಗ ಮಳೆ ನಿಂತಿತು. ಟೀಚರ್ ವೈಪರ್ ಆರಿಸಿದರು, ಎಸಿ ಹಾಗೇ ಇತ್ತು. ಒಳಗಿನ ತಂಪಿಗೆ ಗಾಜು ತಣ್ಣಗಾದರೆ ಹೊರಗಿನ ತೇವದ ಗಾಳಿ ಅದರ ಮೇಲೆ ಹಬೆಯಾಗಿ ಕೂರುತ್ತದೆ. ಹಾಗೆಯೇ ಬಿಳಿ ಹಬೆ ನಿಧಾನವಾಗಿ ಗಾಜನ್ನು ಆವರಿಸಿತು. ಟೀಚರ್ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅವರ ಎದುರಿಗೆ, ಆ ಬಿಳಿಯ ನಡುವೆ ಮೂರು ಅಡ್ಡ ಗೆರೆಗಳು ತಾವಾಗಿ ಮೂಡಿ ಬಂದವು. ಹಬೆ ಅಲ್ಲಿ ಮಾತ್ರ ಕೂತಿರಲಿಲ್ಲ. ಮೇಲಿನ ಎರಡು ಉದ್ದ, ಕೆಳಗಿನದು ಅರ್ಧಕ್ಕೇ ನಿಂತಿತ್ತು.

"ಎಣ್ಣಿ ಕಲೆ," ಎಂದೆ, ಕಳ್ಳ ಸಿಕ್ಕ ಖುಷಿಯಲ್ಲಿ. "ಇದಾ ನೋಡ್ರಿ ಮೇಡಂ, ಬ್ಲೇಡ್ ಎಡವೂದು ಇಲ್ಲೇ."

ತಿರುಗಿ ನೋಡಿದರೆ ಟೀಚರ್ ಕಣ್ಣು ತುಂಬಿದ್ದವು.

"ಅವು ಅವರ ಬಟ್ಟು ರೀ ಮೇಸ್ತ್ರೀ. ಕೆಳಗಿನ ಗೆರಿ ನೋಡ್ರಿ. ಅವರ ಉಂಗುರದ ಬಟ್ಟು ಸೊಟ್ಟ ಇತ್ತು, ಪೂರಾ ಊರತಿರಲಿಲ್ಲ."

ಶರಣಪ್ಪನವರು ಅಮಾವಾಸ್ಯೆಗೊಮ್ಮೆ ಕಾರು ತೊಳೆದು ಗಾಜಿಗೆ ಆ ಸೊಟ್ಟ ಉಂಗುರ ಬೆರಳೂ ಸೇರಿ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರಂತೆ. ನಮ್ಮ ಕಡೆ ಬಾನೆಟ್ಟಿಗೋ ನಂಬರ್ ಪ್ಲೇಟಿಗೋ ಹಚ್ಚುವವರು ಬಹಳ. ಇವರಿಗೆ ಮಾತ್ರ ತಾವು ನೋಡುವ ದಾರಿಯ ಮೇಲೇ ಅದು ಇರಬೇಕಿತ್ತು. ಒಣ ವಿಭೂತಿ ಗಾಳಿಗೆ ಹಾರುತ್ತದೆಂದು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಿದ್ದರು. ಬೂದಿ ಮೊದಲ ಮಳೆಗೇ ಹೋಗುತ್ತದೆ. ಎಣ್ಣೆ ನಮ್ಮ ಬಿಸಿಲಿಗೆ ಕಾದು ಕಾದು ಗಾಜಿಗೆ ಚರ್ಮದಂತೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ತಿಂಗಳಿಗೊಮ್ಮೆ, ಅದೇ ಕೈ, ಅದೇ ಜಾಗ. ಬರೀ ನೀರು ಹಾಕಿ ತೊಳೆದರೆ ಅದು ಹೋಗುವಂಥದ್ದಲ್ಲ.

"ತೆಗೀಲಾಬೇಕೇನ್ರಿ?" ಎಂದು ಕೇಳಿದರು.

ಮೊದಲ ಸಲ ಗಿರಾಕಿಗೆ ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. "ಬಿಟ್ರ ಎಡವೂದು ಬಿಡಂಗಿಲ್ರಿ. ತಗದ್ರ ಮತ್ತ ಬರಂಗಿಲ್ಲ," ಎಂದೆ.

ಅವರು ಕೆಳಗಿಳಿದು ಗಾಜಿನ ಮುಂದೆ ನಿಂತರು. ತಮ್ಮ ಮೂರು ಬೆರಳನ್ನು ಆ ಗೆರೆಗಳ ಮೇಲೆ ಇಟ್ಟು ನೋಡಿದರು. ಶರಣಪ್ಪನವರ ಬೆರಳು ಅಗಲ, ಇವರವು ಸಣ್ಣ. ಕೂಡಲಿಲ್ಲ. ದೂರದಲ್ಲಿ ಮತ್ತೆ ಮಳೆ ಕಪ್ಪಾಗಿ ಬರುತ್ತಿತ್ತು. ನಾನು ಅವಸರ ಮಾಡಲಿಲ್ಲ.

"ಆವತ್ತು ಸೈಕಲ್ ಮ್ಯಾಲಿದ್ದಾಂವ ಯಾರ ಮನ್ಯಾಂವೋ ಏನೋ," ಎಂದರು ಕೊನೆಗೆ. "ಅವನ ಮನ್ಯಾಗೂ ಒಬ್ಬಾಕಿ ದಾರಿ ಕಾಯ್ತಿರ್ತಾಳಲ್ರಿ. ತರ್ರಿ ಆ ಅರಿವಿ."

ನಾನೇ ಒರೆಸುತ್ತೇನೆ ಎಂದರೂ ನನ್ನ ಹೆಗಲಿನ ಬಟ್ಟೆ ಇಸಿದುಕೊಂಡರು. ಪೇಸ್ಟ್ ಹಚ್ಚಿ, ಸುತ್ತು ಸುತ್ತಾಗಿ ಉಜ್ಜುವುದನ್ನು ತೋರಿಸಿದೆ. ಮೇಲಿನ ಗೆರೆ, ನಡುವಿನದು, ಎಲ್ಲಕ್ಕಿಂತ ಕೊನೆಗೆ ಆ ಗಿಡ್ಡ ಗೆರೆ. ಬಾಟಲಿಯ ನೀರು ಸುರಿದೆ. ಕಲೆ ಇದ್ದರೆ ನೀರು ಹನಿ ಹನಿಯಾಗಿ ನಿಲ್ಲುತ್ತದೆ, ಗಾಜು ಶುದ್ಧವಿದ್ದರೆ ಒಂದೇ ಹಾಳೆಯಾಗಿ ಜಾರುತ್ತದೆ. ಜಾರಿತು.

ಒಳಗೆ ಕೂತಾಗ ಮಳೆ ಬಂದೇಬಿಟ್ಟಿತು. ವೈಪರ್ ಎದ್ದಿತು, ಮಲಗಿತು, ಎದ್ದಿತು. ಸದ್ದೇ ಇಲ್ಲ. ರಸ್ತೆ ಮಸ್ಕಿಯವರೆಗೆ ತೊಳೆದಿಟ್ಟಂತೆ ಕಾಣುತ್ತಿತ್ತು. ನನ್ನ ಕೆಲಸ ಇಷ್ಟು ಚೊಕ್ಕವಾಗಿ ಆಗಿದ್ದು ಅಪರೂಪ, ಆದರೂ ನಾನು ಮುಖ ತಿರುಗಿಸಿ ಪಕ್ಕದ ಗದ್ದೆ ನೋಡುತ್ತ ಕೂತೆ. ಟೀಚರ್ ಬಹಳ ಹೊತ್ತು ನೋಡಿ, "ಎಷ್ಟ್ ಸುಮ್ಮನಾತಲ್ರಿ," ಎಂದಷ್ಟೇ ಹೇಳಿ ಗೇರ್ ಹಾಕಿದರು.

ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಇಳಿಸಿ ಅವರು ಶಾಲೆಗೆ ಹೋದರು. ಕಾರು ಮಾರುವ ಮಾತು ಆಮೇಲೆ ಅವರ ಮನೆಯಲ್ಲಿ ಬರಲಿಲ್ಲ. ಅಂದಿನಿಂದ ಯಾರದೇ ಹಳೆಯ ಗಾಡಿ ಬಂದರೂ ನಾನು ಮೊದಲು ಗಾಜನ್ನು ನೋಡುತ್ತೇನೆ. ಒರೆಸುವ ಮೊದಲು ಇದನ್ನು ಯಾರು ಓಡಿಸುತ್ತಿದ್ದರು ಎಂದು ಕೇಳುತ್ತೇನೆ. ಕಲೆ ತೆಗೆಯುವುದು ನನ್ನ ಕಸುಬು, ಆದರೆ ಅದು ಯಾರ ಕೈಯಿಂದ ಆಗಬೇಕು ಎಂಬುದನ್ನು ನಾನು ತೀರ್ಮಾನಿಸಬಾರದು. ಡಿಪೋ ನನಗೆ ಕಲಿಸದೇ ಬಿಟ್ಟದ್ದು ಇದೊಂದು.

ಅಮಾವಾಸ್ಯೆಯ ಮರುದಿನ ಟೀಚರ್ ಟೈರಿಗೆ ಗಾಳಿ ಹಾಕಿಸಲು ಬಂದಿದ್ದರು. ಗಾಜು ನಿರ್ಮಲವಾಗಿತ್ತು. ವಿಭೂತಿಯನ್ನು ಈ ಸಲ ಬಾನೆಟ್ಟಿಗೆ ಎಳೆದಿದ್ದರು, ಸಣ್ಣ ಬೆರಳಿನ ಮೂರು ಗೆರೆ. ಮೇಲಿನ ಎರಡು ಉದ್ದ, ಕೆಳಗಿನದು ಅರ್ಧಕ್ಕೇ ನಿಂತಿತ್ತು. ನಾನು ಗಾಳಿ ಹಾಕಿದೆ. ಅವರ ಬೆರಳುಗಳೆಲ್ಲ ನೆಟ್ಟಗೇ ಇವೆ.