ಬ್ಯಾಗ್ ಕಾಯುವವರು

ನಮ್ಮನೆಯವರು ನೋಡದೇ ಬಿಟ್ಟಿರೋ ಜಾಗಗಳನ್ನ ಬರೆದಿಟ್ಟರೆ ಒಂದು ಪುಸ್ತಕ ಆಗುತ್ತೆ. ಮದುವೆಯಾಗಿ ಇಪ್ಪತ್ತೇಳು ವರ್ಷ, ವರ್ಷಕ್ಕೊಂದು ಪ್ರವಾಸ. ಜಲಪಾತ, ಕೋಟೆ, ಗುಹೆ, ಹಡಗಿನ ಮ್ಯೂಸಿಯಂ, ಎಲ್ಲ ಕಡೆಗೂ ಬಂದಿದ್ದಾರೆ, ಎಲ್ಲ ಕಡೆಯೂ ಬಾಗಿಲ ತನಕ ಮಾತ್ರ. ಒಳಗೆ ಹೋಗೋದು, ಮೇಲೆ ಹತ್ತೋದು ನಾವು. ಇವರು ಕೆಳಗೆ ಒಂದು ನೆರಳು ಹುಡುಕಿ, ಎಲ್ಲರ ಬ್ಯಾಗನ್ನೂ ಸುತ್ತ ಪೇರಿಸ್ಕೊಂಡು, ತೊಡೆ ಮೇಲೆ ದಪ್ಪದೊಂದು ಪುಸ್ತಕ ತೆರೆದು ಕೂತುಬಿಡ್ತಾರೆ. ನನ್ನ ತಮ್ಮನ ಮಗಳು ನಾಲ್ಕು ವರ್ಷದವಳಿದ್ದಾಗಲೇ ಇವರಿಗೆ ಲಗೇಜ್ ಮಾಮ ಅಂತ ಹೆಸರಿಟ್ಟಳು. ಅವಳು ಈಗ ಕಾಲೇಜು ಮುಗಿಸಿದ್ದಾಳೆ, ಹೆಸರು ಹಾಗೇ ಉಳಿದಿದೆ.

ಇವರದು ಕರೆಂಟ್ ಮೀಟರ್ ಓದೋ ಕೆಲಸ. ಮೆಟ್ಟಿಲ ಕೆಳಗಿನ ಗೂಡು, ಟೆರೇಸ್ ಮೇಲಿನ ತುಕ್ಕು ಹಿಡಿದ ಪೆಟ್ಟಿಗೆ, ನಾಯಿ ಕಟ್ಟಿದ ಹಿತ್ತಿಲು, ಎಲ್ಲಿ ಮೀಟರ್ ಇದೆಯೋ ಅಲ್ಲಿ ನುಗ್ಗಿ ಅಂಕಿ ಬರ್ಕೊಂಡು ಬರಬೇಕು. ದಿನಕ್ಕೆ ನೂರು, ನೂರಿಪ್ಪತ್ತು ಮನೆ. ಮದುವೆಯಾದ ಹೊಸದರಲ್ಲಿ ನಾನು ಕೈ ಹಿಡಿದು ಎಳೆದದ್ದುಂಟು. ವರ್ಷವೆಲ್ಲ ಮೆಟ್ಟಿಲು ಹತ್ತೋನಿಗೆ ರಜೆಯಲ್ಲೂ ಮೆಟ್ಟಿಲಾ, ನೀನು ಹೋಗಿ ನೋಡಿ ಬಂದು ಹೇಳು ಅಂತಿದ್ರು. ಅತ್ತ ನಮ್ಮ ತಮ್ಮನಿಗೂ ಬ್ಯಾಗ್ ಕಾಯೋಕೆ ನಂಬಿಕಸ್ತರು ಬೇಕಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎರಡು ಮೂರು ವರ್ಷ ಜಗಳ ಆಡಿ ನಾನೂ ಸುಮ್ಮನಾದೆ. ನಮಗೆ ಮಕ್ಕಳಿಲ್ಲ, ಆ ಮಾತು ಇಲ್ಲಿ ಬೇಡ. ತಮ್ಮ, ಅವನ ಹೆಂಡತಿ, ಮಗಳು, ನಾವಿಬ್ಬರು, ಇಷ್ಟೇ ನಮ್ಮ ಪ್ರವಾಸದ ಪಟಾಲಂ. ಮನೆಯಲ್ಲಿ ಅಷ್ಟು ಆಲ್ಬಮ್ ಇದೆ, ಎತ್ತರದ ಜಾಗದಲ್ಲಿ ನಿಂತ ಫೋಟೋ ಒಂದರಲ್ಲೂ ಇವರಿಲ್ಲ. ನೋಡಿದವರು ನಾನು ಒಂಟಿ ಹೆಂಗಸು ಅಂದ್ಕೋಬೇಕು.

ನನ್ನದು ರಕ್ತಪರೀಕ್ಷೆ ಲ್ಯಾಬಿನಲ್ಲಿ ರಕ್ತ ತೆಗೆಯೋ ಕೆಲಸ. ನನಗೆ ನರಾನೇ ಸಿಗಲ್ಲ ಸಿಸ್ಟರ್ ಅಂತ ಹೆದರ್ಕೊಂಡು ಬರೋರಿಗೆ ಬೆರಳಲ್ಲಿ ಮೆಲ್ಲಗೆ ತಡವಿ ಒಂದೇ ಚುಚ್ಚಿಗೆ ತೆಗೆದು ಕಳಿಸ್ತೀನಿ. ಆ ಹೆಸರು ನನಗಿದೆ. ಆದರೆ ಬೆಳಗ್ಗೆ ಆರೂವರೆಗೆ ನಿಂತರೆ ಮಧ್ಯಾಹ್ನ ಎರಡರ ತನಕ ಕೂರೋ ಹಾಗಿಲ್ಲ, ಅಲ್ಲಿ ಕುರ್ಚಿ ಇರೋದು ಬಂದವರಿಗೆ. ಮೂವತ್ತು ವರ್ಷ ಹೀಗೆ ನಿಂತಮೇಲೆ ಮಂಡಿ ಕೈಕೊಟ್ಟಿತು. ಮೂರು ತಿಂಗಳ ಹಿಂದೆ ಯಾರಿಗೂ ಹೇಳದೆ ಎಕ್ಸ್‌ರೇ ತೆಗೆಸ್ಕೊಂಡೆ. ಮೂಳೆ ಡಾಕ್ಟರು ಅದನ್ನ ಬೆಳಕಿಗೆ ಹಿಡಿದು ನೋಡಿ, ಬಲಮಂಡಿ ಪೂರಾ ಸವೆದಿದೆ, ಎಡದ್ದೂ ಅದರ ಹಿಂದೇನೇ ಹೊರಟಿದೆ, ಆಪರೇಶನ್ ಆಗೋ ತನಕ ಮೆಟ್ಟಿಲು ಹತ್ತಬೇಡಿ, ಆದಮೇಲೂ ಕೋಟೆ ಬೆಟ್ಟ ಅಂತ ಆಸೆ ಇಟ್ಕೋಬೇಡಿ ಅಂದ್ರು. ಎಕ್ಸ್‌ರೇ ಕವರನ್ನ ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದೆ. ಹೇಳಿದ್ರೆ ಮುಗೀತು, ನನ್ನನ್ನೂ ಬ್ಯಾಗ್ ಪಕ್ಕ ಕೂರಿಸಿಬಿಡ್ತಾರೆ.

ಆಮೇಲೆ ಮನಸ್ಸಿಗೆ ಒಂದೇ ಹಟ ಹಿಡೀತು. ಈ ವರ್ಷದ ಪ್ರವಾಸ ಸಮುದ್ರದ ದಂಡೆಯ ಹಳೇ ಲೈಟ್‌ಹೌಸಿಗೆ. ಇನ್ನೂರ ಹನ್ನೆರಡು ಮೆಟ್ಟಿಲು. ನಾನು ಹತ್ತೋದು ಇದೇ ಕೊನೆ, ಆದ್ದರಿಂದ ಈ ಸಲ ಇವರು ನನ್ನ ಜೊತೆ ತುದಿಯ ತನಕ ಬರಲೇಬೇಕು. ಒಂದೇ ಒಂದು ಸಲ. ದೇಶ ಗೆದ್ದು ಕೊಡಿ ಅಂತ ಕೇಳ್ತಿರಲಿಲ್ಲವಲ್ಲ. ಪಕ್ಕದಲ್ಲಿ ನಿಂತು, ಹೌದು ಕಣೇ ಚೆನ್ನಾಗಿದೆ ಅಂದರೆ ಸಾಕಿತ್ತು.

ವ್ಯಾನಿನಲ್ಲಿ ಆರು ಗಂಟೆ ಪ್ರಯಾಣ. ಈಗಿನ ಪ್ರವಾಸ ಅಂದ್ರೆ ಏನು, ಅದೇ ಮನೆ, ಅದೇ ಜನ, ಕೂರೋಕೆ ಜಾಗ ಕಮ್ಮಿ. ತಮ್ಮ ಮುಂದೆ ಕೂತು ಫೋನಿನಲ್ಲಿ ಬಂದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದ್ತಿದ್ದ. ಎಲ್ಲೋ ಯುದ್ಧ ನಿಲ್ಲುತ್ತಂತೆ, ಐದು ನಿಮಿಷ ಬಿಟ್ಟು ನಿಲ್ಲಲ್ವಂತೆ. ಎಲ್ಲೋ ಸರ್ಕಾರ ಬೀಳುತ್ತಂತೆ. ಈ ವರ್ಷದ ಬಿಸಿಲು ಹೋದ ವರ್ಷದ್ದಕ್ಕಿಂತ ಜಾಸ್ತಿಯಂತೆ, ಅದನ್ನ ತಿಳ್ಕೊಳ್ಳೋಕೆ ಫೋನ್ ಬೇಕಾ, ಬೆವರು ಸಾಲದಾ? ಅವನ ಮಗಳ ಫೋನು ದಾರಿ ಹೇಳ್ತಿತ್ತು. ಅದರೊಳಗಿನ ಹೆಂಗಸು ಎರಡು ಸಲ ನಮ್ಮನ್ನ ಯಾರದೋ ಗೋಡೌನಿನ ಗೇಟಿಗೆ ತಂದು ನಿಲ್ಲಿಸಿ, ನೀವು ತಲುಪಿದ್ದೀರಿ ಅಂದಳು. ನನಗೆ ಎಲ್ಲ ಕೇಳಿ ಕೇಳಿ ಸಾಕಾಗಿತ್ತು. ಕಾಲು ಚಾಚೋಕೆ ಜಾಗ ಇಲ್ಲದೆ ಮಂಡಿ ಒಳಗೊಳಗೇ ಚುಚ್ತಿತ್ತು, ಮುಖದಲ್ಲಿ ತೋರಿಸ್ಕೊಳ್ಳದೆ ಕೂತಿದ್ದೆ.

ಇವರು ಹಿಂದಿನ ಸೀಟಿನಲ್ಲಿ ಅದೇ ಪುಸ್ತಕ ಹಿಡಿದು ಕೂತಿದ್ರು. ಅದೇ ಅಂದ್ರೆ ಅದೇ. ಯಾವುದೋ ದೊಡ್ಡ ಮನೆತನದ ಕಥೆ, ಏಳುನೂರು ಪುಟ. ಮನೆಯಲ್ಲಿ ಎರಡು ದಿನಕ್ಕೊಂದು ಪುಸ್ತಕ ಮುಗಿಸೋ ಮನುಷ್ಯ, ಈ ಪ್ರವಾಸದ ಪುಸ್ತಕ ಮಾತ್ರ ನಾಲ್ಕು ವರ್ಷದಿಂದ ಮುಗಿದಿಲ್ಲ. ಒಂದೊಂದು ಪ್ರವಾಸಕ್ಕೆ ಎಂಟು ಹತ್ತು ಪುಟ. ಇರುವೆ ಹರಿದರೂ ಇಷ್ಟು ಹೊತ್ತಿಗೆ ಆ ಕಡೆ ದಡ ಸೇರ್ತಿತ್ತು ಅಂತ ನಾನು ಎಷ್ಟೋ ಸಲ ರೇಗಿಸಿದ್ದೆ. ಪುಸ್ತಕಕ್ಕೆ ಈ ಸಲ ಹೊಸ ರಟ್ಟು ಹಾಕಿದ್ರು, ಹಳೇ ದಿನಪತ್ರಿಕೆಯದ್ದು. ಮುಂದಿನ ವರ್ಷದಿಂದ ಮೀಟರುಗಳು ತಮ್ಮ ಅಂಕಿಯನ್ನ ತಾವೇ ಆಫೀಸಿಗೆ ಕಳಿಸ್ತಾವೆ, ಮನೆಮನೆಗೆ ಯಾರೂ ಬರಬೇಕಿಲ್ಲ ಅನ್ನೋ ಸುದ್ದಿ ಸರಿಯಾಗಿ ಪುಸ್ತಕದ ಬೆನ್ನಿಗೆ ಬಂದಿತ್ತು. ಅದರ ಬಗ್ಗೆ ಇವರು ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ನಾನು ಮಂಡಿ ಬಗ್ಗೆ ಆಡಿರಲಿಲ್ಲ. ಇಬ್ಬರೂ ಸೇರಿಗೆ ಸವ್ವಾಸೇರು.

ಲೈಟ್‌ಹೌಸ್ ಮುಟ್ಟಿದಾಗ ಒಂದು ಗಂಟೆ. ಗೇಟಿನ ಪಕ್ಕ ಗೋಡೆಗೆ ಸಾಲಾಗಿ ಕಬ್ಬಿಣದ ಲಾಕರುಗಳು. ಬ್ಯಾಗ್ ಒಳಗಿಟ್ಟು ಫೋನ್ ನಂಬರ್ ಒತ್ತಿದ್ರೆ ಬಾಗಿಲು ಹಾಕ್ಕೊಳ್ಳುತ್ತೆ, ತೆಗೀಬೇಕಾದ್ರೆ ಆ ನಂಬರಿಗೆ ಓಟಿಪಿ ಬರುತ್ತೆ. ನೋಡಿದ್ದೇ ನನಗೆ ಹಾಲು ಕುಡಿದಷ್ಟು ಸಂತೋಷ. ಇನ್ನು ಕಾಯೋ ನೆಪ ಇಲ್ಲ, ಎದ್ದೇಳಿ ಅಂದೆ. ಇವರು ಲಾಕರನ್ನ ಮೇಲಿಂದ ಕೆಳಗೆ ನೋಡಿ, ಹೂಂ ಅಂದ್ರು. ಉಳಿದವರ ಫೋನುಗಳ ಚಾರ್ಜು ಸುದ್ದಿ, ನಕಾಶೆ, ಫೋಟೋ ಅಂತ ಮುಗಿಯೋಕೆ ಬಂದಿತ್ತು. ಮೂರು ದಿನ ಚಾರ್ಜ್ ನಿಲ್ಲೋದು ಇವರ ಕೀಪ್ಯಾಡ್ ಫೋನಿನಲ್ಲಿ ಮಾತ್ರ, ಹಾಗಾಗಿ ಹುಡುಗಿ ಇವರ ನಂಬರನ್ನೇ ಒತ್ತಿದಳು. ಇವರು ಒಂದೊಂದೇ ಬ್ಯಾಗ್ ಜೋಡಿಸಿ, ಕೊನೆಗೆ ಬಾಗಿಲು ತಳ್ಳಿದ್ರು. ಟಕ್ ಅಂತು.

ಆಮೇಲೆ ಜೇಬು ಮುಟ್ಟಿ ನೋಡ್ಕೊಂಡು, ಅಯ್ಯೋ, ಫೋನು ಬ್ಯಾಗಿನೊಳಗೇ ಉಳೀತು ಅಂದ್ರು.

ವ್ಯಾನಿನ ಕೀ ಕೂಡ ಅದೇ ಬ್ಯಾಗಿನಲ್ಲಿತ್ತು. ತಮ್ಮ ತಲೆ ಚಚ್ಕೊಂಡ, ಅವನ ಹೆಂಡತಿಗೆ ನಗು ತಡೆಯೋಕಾಗಲಿಲ್ಲ. ಹುಡುಗಿ, ಲಗೇಜ್ ಮಾಮ ಕೊನೆಗೂ ಲಗೇಜನ್ನ ಯಾರ ಕೈಗೂ ಸಿಗದ ಹಾಗೆ ಕಾಯ್ದರು ಅಂದಳು. ಲಾಕರ್ ನೋಡ್ಕೊಳ್ಳೋನ ಹತ್ತಿರ ಬೇರೆ ಕೀ ಇತ್ತು, ಆದರೆ ಅವನು ಊಟಕ್ಕೆ ಹೋಗಿದ್ದ, ಬರೋದು ಎರಡು ಗಂಟೆಗೆ. ನೀವೆಲ್ಲ ಹತ್ತಿ ಬನ್ನಿ, ನಾನು ಇಲ್ಲೇ ಇದ್ದು ಅವನನ್ನ ಹಿಡೀತೀನಿ ಅಂದ್ರು ಇವರು. ಹಾಗಂದು, ನಮ್ಮ ಮುಂದೆಯೇ ಕಂಕುಳಿಂದ ಪುಸ್ತಕ ತೆಗೆದು ಸಿಮೆಂಟ್ ಬೆಂಚಿನ ಮೇಲೆ ಕೂತ್ರು. ಫೋನು ಒಳಗೆ ಉಳೀತು, ಪುಸ್ತಕ ಹೊರಗೆ ಉಳೀತು. ನನಗೆ ಮೈಯೆಲ್ಲ ಉರಿದುಹೋಯ್ತು.

ನಾನು ಬರಲ್ಲ, ನೀವು ಹೋಗಿ ಅಂತ ತಮ್ಮನ ಮನೆಯವರನ್ನ ಕಳಿಸಿದೆ. ಅವರು ಮೆಟ್ಟಿಲ ಬಾಗಿಲು ದಾಟಿ ಮರೆಯಾದ ಮೇಲೆ ಇವರ ಪಕ್ಕ ಕೂತೆ. ದಿನಕ್ಕೆ ನೂರಿಪ್ಪತ್ತು ಮೀಟರ್ ಓದಿ ಒಂದಂಕಿ ತಪ್ಪದ ಮನುಷ್ಯ ಫೋನ್ ಮರೀತಾರೆ ಅಂದ್ರೆ ಯಾರು ನಂಬ್ತಾರೆ?

"ಬೇಕಂತಲೇ ಮಾಡಿದ್ರಿ ಅಲ್ವಾ?" ಅಂದೆ.

ಇವರು ಪುಸ್ತಕ ಮುಚ್ಚಿದ್ರು. "ಹೌದು."

ಒಪ್ಪಿಕೊಳ್ತಾರೆ ಅಂತ ಅಂದ್ಕೊಂಡಿರಲಿಲ್ಲ. ಇನ್ನೂ ಸಿಟ್ಟು ಬಂತು. ಇಪ್ಪತ್ತೇಳು ವರ್ಷ ನಾನು ಮೇಲೆ ಒಬ್ಬಳೇ ನಿಂತೆ, ಒಂದೇ ಒಂದು ಸಲ ಬನ್ನಿ ಅಂದ್ರೆ ಇಂಥ ಕಳ್ಳಾಟ ಆಡ್ತೀರಲ್ಲ, ಅದೇನು ನನ್ನ ಜೊತೆ ನಿಂತರೆ ಸವೆದು ಹೋಗ್ತೀರಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಆಗ ತಟ್ಟನೆ ಹೊಳೀತು, ನನ್ನ ಮಂಡಿ ವಿಷಯ ಇವರಿಗೆ ಗೊತ್ತಾಗಿರಬೇಕು. ಮನೆಯಲ್ಲಿ ಬೀರು ಮುಟ್ಟದ ಮನುಷ್ಯ ಯಾವಾಗ ಮುಟ್ಟಿದ್ರು?

"ಎಕ್ಸ್‌ರೇ ನೋಡಿದ್ರಾ?"

"ಯಾವ ಎಕ್ಸ್‌ರೇ?" ಅಂದ್ರು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಳಂತೆ. ನನ್ನ ಗುಟ್ಟನ್ನ ನಾನೇ ಬಿಚ್ಚಿದ್ದೆ. ಇವರಿಗೆ ಎಕ್ಸ್‌ರೇ ವಿಷಯವೇ ಗೊತ್ತಿರಲಿಲ್ಲ. ಹಾಗಾದ್ರೆ ಯಾಕೆ ಅಂದೆ. ಇವರು ಪುಸ್ತಕದ ಅಂಚನ್ನ ಹೆಬ್ಬೆರಳಲ್ಲಿ ತಿಕ್ಕಿದ್ರು. ಇವರು ಮಾತು ಶುರು ಮಾಡೋಕೆ ಯಾವಾಗಲೂ ತಡ.

"ನೀನು ಹತ್ತೋದನ್ನ ನಿಮ್ಮ ತಮ್ಮ ನೋಡ್ತಾನೆ, ಎಲ್ಲರೂ ನೋಡ್ತಾರೆ. ಇಳಿಯೋದನ್ನ ನೋಡೋನು ನಾನೊಬ್ಬನೇ. ನಾಲ್ಕು ವರ್ಷದ ಹಿಂದೆ ಆ ಜಲಪಾತದಲ್ಲಿ ಮೊದಲನೇ ಸಲ ನೀನು ಕಂಬಿ ಹಿಡಿದು ಇಳಿದೆ. ಮಾರನೇ ವರ್ಷ ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಇಟ್ಟೆ. ಹೋದ ವರ್ಷ ಕೋಟೆಯಲ್ಲಿ ಗೋಡೆ ಕಡೆ ತಿರುಗಿ, ಅಡ್ಡಡ್ಡ ಇಳಿದೆ. ಏಳು ಕಡೆ ನಿಂತೆ. ಕೊನೆಯ ಮೂರು ಮೆಟ್ಟಿಲು ಇದ್ದಾಗ ಮುಖ ಸರಿ ಮಾಡ್ಕೊಂಡು, ನಗ್ತಾ ಬಂದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆನಲ್ಲ, ನಾಚಿಕೆಯಾಯ್ತು. ಆ ಪುಸ್ತಕ ನಾಲ್ಕು ವರ್ಷದಿಂದ ಯಾಕೆ ಮುಗಿದಿಲ್ಲ ಅಂತಲೂ ಗೊತ್ತಾಯ್ತು.

ನಾನು ಬಂದ್ರೆ ನೀನು ತುದಿ ತನಕ ಹತ್ತುತ್ತೀಯ, ಇನ್ನೂರ ಹನ್ನೆರಡು ಇಳೀಬೇಕಾಗುತ್ತೆ, ಅದನ್ನ ನೋಡೋಕೆ ನನ್ನಿಂದ ಆಗಲ್ಲ ಅಂದ್ರು. ಬೇಡ ಅಂದ್ರೆ ನೀನು ಕೇಳೋಳಲ್ಲ, ಅದಕ್ಕೇ ಹೀಗೆ ಮಾಡಿದೆ ಅಂದ್ರು. ಸರಿ, ಪ್ರೀತಿಯಿಂದಲೇ ಮಾಡಿರಬಹುದು, ಆದರೆ ನನ್ನ ಕಾಲಿನ ತೀರ್ಮಾನ ನನ್ನನ್ನ ಕೇಳದೆ ಮಾಡಿದ್ರಲ್ಲ, ಆ ಸಿಟ್ಟು ನನಗೆ ಇಳಿದಿರಲಿಲ್ಲ. ಅದನ್ನೂ ಅಂದೆ. ಇವರು ತಲೆ ಬಗ್ಗಿಸಿ, ಅದು ನನ್ನ ತಪ್ಪೇ ಅಂದ್ರು. ಲಾಕರಿನೊಳಗೆ ಇವರ ಫೋನು ಬಡ್ಕೊಳ್ಳೋಕೆ ಶುರುವಾಯ್ತು. ಲಾಕರ್ ತೆಗೆದಾಯ್ತಾ ಅಂತ ತಿಳಿಯೋಕೆ ಮೇಲಿಂದ ತಮ್ಮನೇ ಮಾಡ್ತಿರಬೇಕು. ಇಬ್ಬರೂ ಕೂತು ಅದು ಸುಮ್ಮನಾಗೋ ತನಕ ಕೇಳಿದೆವು.

ಆಮೇಲೆ ನಾನು ಎದ್ದೆ. ನಾನು ಹತ್ತೇ ಹತ್ತುತ್ತೀನಿ, ತುದಿ ತನಕ ಬೇಡ, ಆ ಮೊದಲನೇ ಕಿಟಕಿ ತನಕ, ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಇಲ್ಲೇ ಕೂತು ನೋಡಿ ಅಂದೆ. ಇವರು ಗೋಪುರದ ಆ ಚಿಕ್ಕ ಕಿಟಕಿಯನ್ನ ಕೆಳಗಿಂದಲೇ ಅಳೆದು, ನಲವತ್ತರ ಹತ್ತಿರ ಇರಬಹುದು ಅಂದ್ರು. ಪುಸ್ತಕವನ್ನ ಬೆಂಚಿನ ಮೇಲೇ ಇಟ್ಟು ಬಂದ್ರು. ಇವರು ಪುಸ್ತಕ ಬಿಟ್ಟು ಎದ್ದು ಬಂದದ್ದನ್ನ ನಾನು ನೋಡಿದ್ದು ಅದೇ ಮೊದಲು.

ನಲವತ್ತೊಂದಿತ್ತು. ಒಳಗೆ ಸುಣ್ಣದ ವಾಸನೆ, ಮೆಟ್ಟಿಲು ನಡುವಲ್ಲಿ ಸವೆದು ಬಟ್ಟಲಾಗಿದ್ದವು. ನಾಲ್ಕು ಕಡೆ ನಿಂತೆ, ಇವರೂ ನಿಂತ್ರು, ಯಾಕೆ ಅಂತ ಕೇಳಲಿಲ್ಲ. ಕಿಟಕಿ ದಿನಪತ್ರಿಕೆಯ ಒಂದು ಹಾಳೆಯಷ್ಟಿತ್ತು. ಅದರಲ್ಲಿ ಅರ್ಧ ಸಮುದ್ರ, ಅರ್ಧ ವ್ಯಾನ್ ನಿಲ್ಲಿಸೋ ಜಾಗ. ಇಬ್ಬರ ತಲೆ ಒಟ್ಟಿಗೆ ಹಿಡಿಸ್ತಿರಲಿಲ್ಲ, ಸರದಿಯಲ್ಲಿ ನೋಡಿದೆವು. ಫೋಟೋ ತೆಗೆಯೋಕೆ ಫೋನ್ ಇರಲಿಲ್ಲ, ನನ್ನದೂ ಲಾಕರಿನಲ್ಲೇ ಇತ್ತು. ಮುಂದಿನ ವರ್ಷ ಮನೆಯಲ್ಲೇ ಕೂರ್ತೀನೇನೋ, ಕೆಲಸದ ಕಥೆ ಹಾಗಿದೆ ಅಂದ್ರು ಇವರು, ಸಮುದ್ರ ನೋಡ್ತಾ. ರಟ್ಟಿನ ಮೇಲೆ ಓದಿದೆ ಅಂದೆ. ಹೂಂ ಅಂದ್ರು. ಚೆನ್ನಾಗಿದೆ ಅಂತ ಇಬ್ಬರೂ ಹೇಳಲಿಲ್ಲ.

ಇಳಿಯುವಾಗ ಇವರು ನನಗಿಂತ ಒಂದು ಮೆಟ್ಟಿಲು ಮುಂದೆ ಇಳಿದು, ತಿರುಗಿ ನಿಂತು, ಹೆಗಲು ಕೊಟ್ಟರು. ಬೇಡ ಅಂದೆ, ಆಮೇಲೆ ಕೈ ಇಟ್ಟೆ. ಒಂದು ಮೆಟ್ಟಿಲು, ಎರಡು ಕಾಲು. ಇವರು ಮೀಟರ್ ಅಂಕಿಯ ಹಾಗೆ ಬಾಯೊಳಗೇ ಎಣಿಸ್ತಿದ್ರು. ಹೊರಗಿನ ಬಿಸಿಲು ಬಾಗಿಲಿಂದ ಕಾಣಿಸ್ತು. ಇನ್ನೇನು ಕೆಳಗೆ ಬಂದೆವು ಅಂತ ನಾನು ಅಭ್ಯಾಸದಂತೆ ಮುಖ ಸರಿ ಮಾಡ್ಕೊಳ್ಳೋಕೆ ಹೋದೆ. ಕೆಳಗೆ ಬೆಂಚ್ ಖಾಲಿ ಇತ್ತು, ಅದರ ಮೇಲೆ ಪುಸ್ತಕ ಮಾತ್ರ ಇತ್ತು. ನೋಡಬೇಕಾದವರು ನನ್ನ ಕೈಯಳತೆಯಲ್ಲೇ ನಿಂತು ನನ್ನ ಮುಖ ನೋಡ್ತಿದ್ರು.

"ನೋಯ್ತಿದೆ ರೀ" ಅಂದೆ.

"ಇನ್ನು ಮೂರೇ ಇದೆ" ಅಂದ್ರು.